ನಾನು ಎನ್ಕೋರೆ ಕಲಿಸಿದ ಹುಡುಗಿ

ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ನೆಟ್ಟಗೆ ನಾಲ್ಕು ಮಾತು ಕನ್ನಡ ಕಲಿಸಲಾಗದ ನಾನು, ಒಂದು ಕಾಲದಲ್ಲಿ ಬೇರೆಯವರ ಮಗಳಿಗೆ ಎನ್ಕೋರೆ ಕಲಿಸಿದ್ದೆ. ಹೀಗೆಂದರೆ ಯಾರೂ ನಂಬುವುದಿಲ್ಲ. ಎನ್ಕೋರೆ ಅಂದರೆ ಏನು ಎಂದು ಕೇಳುತ್ತಾರೆ. ಅದು ಉಗಾಂಡಾ ದೇಶದ ನೈಋತ್ಯ ಮೂಲೆಯ ಭಾಷೆ, ಉದ್ದ ಕೊಂಬಿನ ಹಸು ಸಾಕುವವರ ಸೀಮೆಯದು ಎಂದು ಹೇಳಿದರೆ, "ನಿಮಗ್ಯಾಕ್ರೀ ಬೇಕಿತ್ತು ಅದೆಲ್ಲ?" ಎನ್ನುತ್ತಾರೆ. ನನಗೇನೂ ಬೇಕಿರಲಿಲ್ಲ. ಬೇಕಿದ್ದದ್ದು ಮೂರೂವರೆ ವರ್ಷದ ಒಬ್ಬ ಹುಡುಗಿಗೆ. ಬೇಕು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ, ಅವಳ ತಾಯಿಗೆ ಮಾತ್ರ ಗೊತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಸಾಂಟಾ ಕ್ಲಾರಾದಲ್ಲಿ ಎಲ್ ಕಮೀನೊ ರಸ್ತೆಯಿಂದ ಎರಡು ಬ್ಲಾಕು ಒಳಗೆ ನಮ್ಮ ಅಪಾರ್ಟ್‌ಮೆಂಟು. ಗಂಡ ಚಿಪ್ ಕಂಪನಿಯಲ್ಲಿ ಎಂಜಿನಿಯರು, ಮಗಳು ಆಗಷ್ಟೇ ಒಂದನೇ ಕ್ಲಾಸು, ನಾನು ಮನೆಯಲ್ಲಿ. ಒಂದು ಶನಿವಾರ ಬೆಳಿಗ್ಗೆ ಉಪ್ಪಿಲ್ಲದ ಬೆಣ್ಣೆ ತಂದು ತುಪ್ಪ ಕಾಯಿಸುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಹಿಂದಿನ ವಾರವಷ್ಟೇ ಸಾರಿನ ಒಗ್ಗರಣೆಗೆ ಮೇಲಿನ ಮನೆಯವನು ಮ್ಯಾನೇಜರಿಗೆ ದೂರು ಕೊಟ್ಟಿದ್ದ. ಇವತ್ತು ತುಪ್ಪಕ್ಕೂ ಬಂದರಲ್ಲ ಎಂದು ಸೌಟು ಕೈಯಲ್ಲಿ ಹಿಡಿದೇ, ಜಗಳಕ್ಕೆ ಸಿದ್ಧವಾಗಿ ಬಾಗಿಲು ತೆಗೆದೆ.

ನರ್ಸಿಂಗ್ ಹೋಮಿನ ತಿಳಿನೀಲಿ ಯೂನಿಫಾರ್ಮಿನಲ್ಲಿ ಎತ್ತರದ ಆಫ್ರಿಕನ್ ಹೆಂಗಸೊಬ್ಬಳು ನಿಂತಿದ್ದಳು. ಹಿಂದೆ ಅವಳ ಸ್ಕರ್ಟು ಹಿಡಿದುಕೊಂಡು ಒಂದು ಮಗು. ಅವಳು ಜಗಳಕ್ಕೆ ಬಂದವಳಲ್ಲ. ಕಣ್ಣು ಮುಚ್ಚಿಕೊಂಡು ವಾಸನೆ ಎಳೆದುಕೊಳ್ಳುತ್ತಿದ್ದಳು.

"ಇದು ನಮ್ಮಮ್ಮನ ಮನೆ ವಾಸನೆ," ಅಂದಳು.

ಅವರ ಸೀಮೆಯಲ್ಲಿ ತುಪ್ಪದಿಂದ ಎಶಾಬ್ವೆ ಎಂಬ ಬೆಳ್ಳಗಿನ ಗೊಜ್ಜೊಂದನ್ನು ಮಾಡುತ್ತಾರಂತೆ, ಹಬ್ಬ ಮದುವೆಗೆಲ್ಲ ಅದು ಬೇಕೇ ಬೇಕಂತೆ. ನನಗೆ ಅದರ ತಲೆಬುಡ ಗೊತ್ತಾಗಲಿಲ್ಲ. ಆದರೆ ತುಪ್ಪಕ್ಕೆ ಕಣ್ಣೀರು ಹಾಕುವ ಹೆಂಗಸನ್ನು ಹೊಸ್ತಿಲಲ್ಲಿ ನಿಲ್ಲಿಸಲು ಆಗುತ್ತದೆಯೇ? ಒಳಗೆ ಕರೆದು ಅನ್ನಕ್ಕೆ ತುಪ್ಪ ಹಾಕಿ ತಾಯಿಗೂ ಮಗುವಿಗೂ ಕೊಟ್ಟೆ. ಮಗು ತಟ್ಟೆ ನೆಕ್ಕಿತು. ಅವಳು ಏಳುವಾಗ ನನ್ನ ಕೈ ಹಿಡಿದು ಅವಳ ಭಾಷೆಯಲ್ಲಿ ಏನೋ ಅಂದಳು. ಅಡುಗೆ ಮಾಡಿದ್ದಕ್ಕೆ ಥ್ಯಾಂಕ್ಸ್ ಅಂತೆ. ನನಗೆ ಸಂಕೋಚವಾಯಿತು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅಡುಗೆಗೆ ಉಪ್ಪು ಜಾಸ್ತಿ ಎಂದು ಕೇಳಿದ್ದೆನೇ ಹೊರತು ಥ್ಯಾಂಕ್ಸು ಕೇಳಿರಲಿಲ್ಲ.

ಅವಳ ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಮುಂದಿನ ತಿಂಗಳೇ ನೆವಾರ್ಕಿಗೆ ಮನೆ ಬದಲಿಸಿದಳು. ಹುಡುಗಿ ನಮ್ಮ ಮನೆಗೆ ಬರತೊಡಗಿದಳು. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಸಂಜೆ ಆರಕ್ಕೆ ಕರೆದುಕೊಂಡು ಹೋಗುವುದು. ಮೊದಲ ದಿನವೇ ತಾಯಿ ಒಂದು ಷರತ್ತು ಹಾಕಿದಳು.

"ಸಿಸ್ಟರ್, ಇವಳ ಹತ್ರ ಇಂಗ್ಲಿಷ್ ಮಾತಾಡ್ಬೇಡಿ."

"ಮತ್ತೇನು ಕನ್ನಡ ಮಾತಾಡ್ಲಾ?"

"ನನ್ನ ಭಾಷೆ ಮಾತಾಡಿ."

ನಾನು ನಕ್ಕೆ. ಅವಳು ನಗಲಿಲ್ಲ.

ಅವಳ ಗಂಡ ಓದಲೆಂದು ಟೆಕ್ಸಾಸಿಗೆ ಹೋದವನು ಅಲ್ಲೇ ಬೇರೆ ಸಂಸಾರ ಮಾಡಿಕೊಂಡಿದ್ದ. ಊರಿಗೆ ವಾಪಸು ಹೋಗೋಣವೆಂದರೆ ಅಲ್ಲಿ ಯುದ್ಧ. ದಿನಕ್ಕೆ ಹನ್ನೆರಡು ಗಂಟೆ ಮುದುಕರ ಸೇವೆ ಮಾಡಿ ಬಂದರೆ ಮಗಳ ಜೊತೆ ಎಚ್ಚರವಾಗಿರುವುದು ಒಂದೇ ಗಂಟೆ. ಅದರಲ್ಲಿ ಅರ್ಧ ಸ್ನಾನ, ಅರ್ಧ ಅಳು. ಹುಡುಗಿ ಎರಡು ವರ್ಷದವಳಿದ್ದಾಗ ಆಡುತ್ತಿದ್ದ ಮಾತುಗಳು ಒಂದೊಂದೇ ಉದುರಿಹೋಗುತ್ತಿದ್ದವು. ನೀರಿಗೆ ವಾಟರ್, ಹಾಲಿಗೆ ಮಿಲ್ಕ್ ಅನ್ನತೊಡಗಿದ್ದಳು.

"ನಮ್ಮಮ್ಮನಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ," ಅಂದಳು. "ಯುದ್ಧ ಮುಗಿದ ಮಾರನೇ ದಿನ ನಾವು ಹೊರಡ್ತೀವಿ. ಇವಳು ಹೋಗಿ ಅಜ್ಜಿ ಮುಂದೆ ಮೂಗಿ ಥರ ನಿಂತ್ಕೊಂಡ್ರೆ? ಅವಳಿಗಿರೋದು ಇವಳೊಬ್ಬಳೇ ಮೊಮ್ಮಗಳು."

"ಅದಕ್ಕೆ ನಾನೇನು ಮಾಡ್ಲಿ? ನಿಮ್ಮ ಭಾಷೆಗೆ ಎಷ್ಟು ಕಾಲು ಎಷ್ಟು ಕೈ ಅಂತಾನೇ ನಂಗೊತ್ತಿಲ್ಲ."

"ನಮ್ಮೂರಲ್ಲಿ ಅಂಗಡಿ ಇಟ್ಟಿದ್ದ ಇಂಡಿಯನ್ ಹೆಂಗಸು ಮಾತಾಡ್ತಿದ್ಲು. ನಿಮ್ಮವರಿಗೆ ಬರತ್ತೆ."

ಆಕೆ ಗುಜರಾತಿಯಿರಬೇಕು, ನಾನು ಹಾಸನದ ಕಡೆಯವಳು, ಅವಳ ಊರಿಂದ ನನ್ನ ಊರಿಗೆ ರೈಲಿನಲ್ಲೇ ಎರಡು ದಿನ ಬೇಕು ಎಂದು ವಿವರಿಸಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿಕೊಂಡಳು. ಕೊನೆಗೆ, "ಅವಳೂ ನಿಮ್ಮ ಹಾಗೇ ಸೀರೆ ಉಡ್ತಿದ್ಲು," ಅಂದಳು.

ಪುಸ್ತಕವಿಲ್ಲ, ಮೇಷ್ಟರಿಲ್ಲ. ಇದ್ದದ್ದು ಅವಳು ಬರೆದುಕೊಟ್ಟ, ಸುರುಳಿ ತಂತಿಯ ಒಂದು ನೋಟ್‌ಬುಕ್ಕು. ಎಡಗಡೆ ಅವಳ ಭಾಷೆ ಇಂಗ್ಲಿಷ್ ಅಕ್ಷರದಲ್ಲಿ, ಬಲಗಡೆ ಅರ್ಥ. ಭಾನುವಾರ ಅವಳು ಓದಿ ಹೇಳುತ್ತಿದ್ದಳು, ನಾನು ನಡುವೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಬರೆಯುತ್ತಾ ಹೋದ ಹಾಗೆ ನನಗೆ ಧೈರ್ಯ ಬಂತು. ಆ ಭಾಷೆಯ ಮಾತುಗಳೂ ನಮ್ಮವುಗಳ ಹಾಗೆ ಸ್ವರದಲ್ಲಿ ಮುಗಿಯುತ್ತವೆ, ಬಾಯಿ ತೆರೆದುಕೊಂಡೇ ಇರುತ್ತದೆ. ಹಸು ಎಂಟೆ, ಹಾಲು ಅಮಾಟೆ. ಇಂಗ್ಲಿಷಿನ ಶರ್ಟ್‌ಗೆ ನಾವು ಬಾಲ ಹಚ್ಚಿ ಶರ್ಟು ಮಾಡಿಕೊಂಡಿದ್ದರೆ ಅವರು ತಲೆಯನ್ನೂ ಹಚ್ಚಿ ಎಶಾಟಿ ಮಾಡಿಕೊಂಡಿದ್ದಾರೆ.

ತಲೆಯದ್ದೇ ಅಲ್ಲಿ ಕಾರುಬಾರು. ನಾವು ಒಂದನ್ನು ಹಲವು ಮಾಡಬೇಕಾದರೆ ಮಾತಿನ ಕೊನೆ ಬದಲಿಸುತ್ತೇವೆ, ಅವರು ಮೊದಲು ಬದಲಿಸುತ್ತಾರೆ. ಒಬ್ಬ ಮನುಷ್ಯ ಒಮುಂಟು, ಹಲವರು ಅಬಂಟು. ಒಂದು ಮಗು ಒಮ್ವಾನ, ಮಕ್ಕಳು ಅಬಾನ. ಜೊತೆಗೆ ಬರುವ ಮಾತೂ ಅದೇ ತಲೆ ತೊಟ್ಟುಕೊಂಡು ಬರಬೇಕು. ಒಳ್ಳೆಯ ಮಗು ಒಮ್ವಾನ ಮುರುಂಗಿ, ಒಳ್ಳೆಯ ಮಕ್ಕಳು ಅಬಾನ ಬರುಂಗಿ. ಒಂದೇ ತಾನಿನ ಬಟ್ಟೆಯಲ್ಲಿ ಅಕ್ಕತಂಗಿಯರಿಗೆ ಲಂಗ ಹೊಲಿಸಿದ ಹಾಗೆ. ಇದು ಹೊಳೆದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ಆಫೀಸಿನಿಂದ ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ. ಅವರು ಬೂಟು ಬಿಚ್ಚುತ್ತಾ, "ಕಾಫಿ ಇದ್ಯಾ?" ಅಂದರು.

ಅಡುಗೆಮನೆ ತುಂಬ ಚೀಟಿ ಅಂಟಿಸಿದೆ. ಬೆಳಿಗ್ಗೆ ಹುಡುಗಿ ಬಂದ ಕೂಡಲೇ ನಾನು "ಅಗಂಡಿ?" ಎನ್ನಬೇಕು, ಏನು ಸುದ್ದಿ ಎಂದು. ಅವಳು "ನಿ ಮರುಂಗಿ" ಎನ್ನಬೇಕು, ಒಳ್ಳೆಯದೇ ಎಂದು. ಈ ವಿಚಾರಣೆ ಮುಗಿಯದೆ ಬೇರೆ ಮಾತು ಆಡುವಂತಿಲ್ಲ ಎಂದು ತಾಯಿಯ ಅಪ್ಪಣೆ. ಆಮೇಲೆ ಕೈ ತೊಳಿ, ಬಾ, ಕೂರು, ಹಾಲು ಕುಡಿ. ಮೊದಲೆರಡು ವಾರ ಹುಡುಗಿ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. ಮೂರನೇ ವಾರ ಲೋಟ ಮುಂದೆ ಹಿಡಿದು "ಅಮಾಟೆ" ಅಂದಳು. ನಾನು ಅವಳನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಹಾಲು ಚೆಲ್ಲಿತು, ಚೆಲ್ಲಲಿ ಬಿಡು ಅಂದುಕೊಂಡೆ.

ಆ ಭಾಷೆಯಲ್ಲಿ ನನಗೆ ತುಂಬ ಹಿಡಿಸಿದ ಮಾತು ವೆಬಾರೆ. ಥ್ಯಾಂಕ್ಸು ಎಂದೇ ಅರ್ಥ, ಆದರೆ ನಮ್ಮ ಥ್ಯಾಂಕ್ಸಿನ ಹಾಗೆ ಹೊರಗಿನವರಿಗೆ ಮಾತ್ರ ಹೇಳಿ ಮುಗಿಸುವುದಲ್ಲ. ಯಾರೋ ತಮ್ಮ ಪಾಡಿಗೆ ತಮ್ಮ ಹೊಲ ಅಗೆಯುತ್ತಿದ್ದರೂ ದಾರಿಹೋಕರು ನಿಂತು, ಕೆಲಸ ಮಾಡುತ್ತಿರುವುದಕ್ಕೆ ವೆಬಾರೆ ಎಂದು ಹೇಳಿ ಹೋಗುತ್ತಾರಂತೆ. ಅಡುಗೆ ಮಾಡಿದವಳಿಗೆ ವೆಬಾರೆ ಕುತೇಕ. ಒಂದು ದಿನ ಊಟ ಮಾಡಿ ಎದ್ದ ನನ್ನ ಗಂಡ ಸಿಂಕಿನ ಹತ್ತಿರ ಕೈ ತೊಳೆಯುತ್ತಾ, ನನ್ನ ಕಡೆ ತಿರುಗದೆ, "ವೆಬಾರೆ ಕುತೇಕ," ಅಂದರು. ಚೀಟಿ ನೋಡಿ ಕಲಿತಿದ್ದರು. ಕನ್ನಡದಲ್ಲಾಗಿದ್ದರೆ ಆ ಮಹಾನುಭಾವರ ಬಾಯಲ್ಲಿ ಅದು ಸತ್ತರೂ ಬರುತ್ತಿರಲಿಲ್ಲ. ನಾನು ಕೇಳಿಸದವಳ ಹಾಗೆ ಪಾತ್ರೆ ಎತ್ತಿದೆ. ಕೇಳಿಸಿತ್ತು.

ಯುಗಾದಿಗೆ ಡ್ಯಾನ್‌ವಿಲ್‌ನ ಕನ್ನಡ ಡಾಕ್ಟರೊಬ್ಬರ ಮನೆಯಲ್ಲಿ ಊಟವಿತ್ತು. ಅವತ್ತು ಹುಡುಗಿಯ ತಾಯಿಗೆ ಡ್ಯೂಟಿ, ಹಾಗಾಗಿ ಎರಡೂ ಮಕ್ಕಳನ್ನು ಕರೆದುಕೊಂಡು ಹೋದೆ. ನಾನು ಹುಡುಗಿಗೆ ಒಬ್ಬಟ್ಟು ಮುರಿದು ತಿನ್ನಿಸುತ್ತಾ ಎನ್ಕೋರೆಯಲ್ಲಿ ಏನೋ ಅನ್ನುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು, "ಇದೇನಮ್ಮ, ತುಳೂನಾ?" ಎಂದು ಕೇಳಿದರು. ವಿಷಯ ಹೇಳಿದೆ. ಅವರು ನನ್ನ ಮಗಳ ಕಡೆ ತಿರುಗಿ, "ಒಬ್ಬಟ್ಟು ಹೇಗಿದ್ಯಮ್ಮ ಪುಟ್ಟಿ?" ಅಂದರು. "ಇಟ್ಸ್ ಓಕೆ," ಅಂದಳು ನನ್ನ ಸುಪುತ್ರಿ.

"ಚೆನ್ನಾಗಿದೆ," ಅಂದರು ಆಕೆ. "ಹೆತ್ತ ಮಗಳಿಗೆ ಕನ್ನಡ ಇಲ್ಲ, ಊರವರ ಮಗಳಿಗೆ ಆಫ್ರಿಕದ ಪಾಠ."

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನಾನು. ಆದರೂ ಅವತ್ತು ತಟ್ಟೆ ಕೆಳಗಿಟ್ಟು ಮಕ್ಕಳಿಬ್ಬರನ್ನೂ ಎಬ್ಬಿಸಿದೆ. ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಅತ್ತೆ. ಆಕೆ ಹೇಳಿದ್ದು ಸುಳ್ಳಾಗಿದ್ದರೆ ಅಲ್ಲೇ ಜಾಡಿಸಿ ಬರುತ್ತಿದ್ದೆ. ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಗದರಿಸಿದೆ, ಬೇಡಿಕೊಂಡೆ, ಕೊನೆಗೆ ಸುಮ್ಮನಾದೆ. ಈ ಹುಡುಗಿಯ ಬಾಯಲ್ಲಿ ಒಂದೊಂದು ಮಾತು ಚಿಗುರಿದಾಗ ನನಗಾಗುತ್ತಿದ್ದ ಸುಖದಲ್ಲಿ ಆ ಸೋಲಿನ ಪಾಲೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ.

ಹೊರಡುವಾಗ ಏನನ್ನಬೇಕು ಎಂದು ನೋಟ್‌ಬುಕ್ಕಿನಲ್ಲಿ ನೋಡಿದರೆ ನಾಜೆಂಡ ಎಂದಿತ್ತು. ಅರ್ಥ, ಹೋದೆ, ಹೊರಟೆ. ದೀಪ ಹಚ್ಚುವ ಹೊತ್ತಿನಲ್ಲಿ, ಹೊಸ್ತಿಲ ಮೇಲೆ ನಿಂತು, ಹಸುಗೂಸಿನ ಬಾಯಲ್ಲಿ ಹೋದೆ ಎಂದು ಅನ್ನಿಸುವುದೇ? ನಾನು ಚಿಕ್ಕವಳಿದ್ದಾಗ ಬಾಯಿ ತಪ್ಪಿ "ಹೋಗ್ತೀನಮ್ಮ" ಎಂದರೆ ನಮ್ಮಮ್ಮ ಗೇಟಿನಿಂದ ವಾಪಸು ಕರೆಯುತ್ತಿದ್ದಳು. "ಹೋಗ್ಬರ್ತೀನಿ ಅನ್ನು" ಎಂದು ಹೇಳಿಸಿ, ತಾನು "ಹೋಗಿ ಬಾ" ಎಂದ ಮೇಲೇ ಬಿಡುತ್ತಿದ್ದದ್ದು. ಸ್ಕೂಲ್ ಬಸ್ಸು ತಪ್ಪಿಹೋದರೂ ಸರಿಯೇ.

ನೋಟ್‌ಬುಕ್ಕು ತಿರುವಿಹಾಕಿ, ಹೋಗುತ್ತೇನೆ ಎನ್ನುವುದಕ್ಕೊಂದು ಮಾತು, ವಾಪಸು ಬರುತ್ತೇನೆ ಎನ್ನುವುದಕ್ಕೊಂದು ಮಾತು ಹುಡುಕಿ ಹೆಣೆದೆ. ನಿಂಜೆಂಡ, ನಿಂಗರುಕ. ಹುಡುಗಿ ಒಂದೇ ದಿನದಲ್ಲಿ ಕಲಿತಳು. ಸಂಜೆ ಬಾಗಿಲಲ್ಲಿ ನಿಂತು ಅವಳು ಹೇಳುವುದು. ಅದಕ್ಕೆ ಉತ್ತರ ಹೆಣೆಯಲು ನನಗೆ ಬರಲಿಲ್ಲ, ಹಾಗಾಗಿ ನಮ್ಮಮ್ಮನ ಹಾಗೆಯೇ ರಾಗ ಎಳೆದು, "ಹೋಗಿ ಬಾ" ಎನ್ನುತ್ತಿದ್ದೆ. ನನ್ನ ಮಗಳಿಗೂ ಈ ಆಟ ಹಿಡಿಸಿತು. ಕನ್ನಡದಲ್ಲಿ ಹೇಳು ಎಂದರೆ ಮುಖ ತಿರುಗಿಸುವವಳು ಸ್ಕೂಲಿಗೆ ಹೊರಡುವಾಗ "ನಿಂಜೆಂಡ, ನಿಂಗರುಕ" ಎಂದು ಕೂಗಿ ಓಡುತ್ತಿದ್ದಳು. ಇವತ್ತಿಗೂ ಅವಳು ಅದನ್ನು ಕನ್ನಡದಲ್ಲಿ ಹೇಳುವುದಿಲ್ಲ.

ಹುಡುಗಿಯ ತಾಯಿ ಕೆಲವು ದಿನ ಇದನ್ನು ಕೇಳಿಸಿಕೊಂಡಳು. ಆಮೇಲೊಂದು ಸಂಜೆ ಮೆಲ್ಲಗೆ ಕೇಳಿದಳು.

"ಸಿಸ್ಟರ್, ಇದನ್ನ ಎಲ್ಲಿಂದ ತಂದ್ರಿ? ನಾನಂತೂ ಬರ್ಕೊಟ್ಟಿಲ್ಲ."

ಹೇಳಿದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು. "ನಮ್ಮಲ್ಲಿ ಹೀಗಂದ್ರೆ ಈಗ್ಲೇ ಬಂದೆ ಅಂತ. ಏನೋ ಮರೆತು ಹೋದವರ ಹಾಗೆ. ನಮ್ಮಮ್ಮ ನಂಬ್ಕೊಂಡು ಬೇಲಿ ಹತ್ರ ಕಾಯ್ತಾ ನಿಂತುಬಿಡ್ತಾಳೆ. ತಿದ್ದಿ, ಪ್ಲೀಸ್."

ತಿದ್ದಲು ಹೋದೆ. ಹುಡುಗಿ ಒಪ್ಪಲಿಲ್ಲ. "ನಾಜೆಂಡ" ಎಂದು ಹೇಳಿಸಿದರೆ ಅಷ್ಟನ್ನೇ ಹೇಳಿ, ಬಾಗಿಲು ದಾಟದೆ, ನನ್ನ ಬಾಯಿ ನೋಡುತ್ತಾ ನಿಂತಿರುತ್ತಿದ್ದಳು. ಆ ಮಾತಿಗೆ ನನ್ನ ಬಾಯಲ್ಲಿ "ಹೋಗಿ ಬಾ" ಬರುತ್ತಿರಲಿಲ್ಲ. ಅವಳು ಸ್ವಲ್ಪ ಕಾದು ನೋಡಿ, ಹಳೆಯ ಮಾತನ್ನೇ ಹೇಳಿ, ನನ್ನಿಂದ ಉತ್ತರ ಹೊರಡಿಸಿಕೊಂಡೇ ಹೋಗುತ್ತಿದ್ದಳು.

ಅಜ್ಜಿಗೆಂದು ಒಂದು ಕ್ಯಾಸೆಟ್ಟು ಮಾಡಿ, ಅವರ ಚರ್ಚಿನವರೊಬ್ಬರು ಆ ಕಡೆ ಹೊರಟಾಗ ಕೊಟ್ಟು ಕಳಿಸಿದೆವು. ಹುಡುಗಿ ಅದರಲ್ಲಿ ಅಜ್ಜಿಯ ಸುದ್ದಿ ಕೇಳಿದಳು, ತನ್ನ ಸುದ್ದಿ ಹೇಳಿದಳು, ಹಸುಗಳನ್ನೂ ವಿಚಾರಿಸಿದಳು. ನಾನು ಪಕ್ಕದಲ್ಲಿ ಕೂತು, ಪರೀಕ್ಷೆಗೆ ಮಗಳನ್ನು ಕೂರಿಸಿದವಳ ಹಾಗೆ ತುಟಿ ಆಡಿಸುತ್ತಿದ್ದೆ. ಏಳು ತಿಂಗಳಾದ ಮೇಲೆ ಅದೇ ಹಾದಿಯಲ್ಲಿ ಉತ್ತರ ಬಂತು. ನಮ್ಮ ಅಡುಗೆಮನೆಯಲ್ಲೇ ಹಾಕಿ ಕೇಳಿದೆವು. ಮುದುಕಿಯ ನಗು ಮೊದಲು, ಮಾತು ಆಮೇಲೆ. ನನಗೆ ಅಷ್ಟಿಷ್ಟು ಅರ್ಥವಾಯಿತು. ಹುಡುಗಿಯ ತಾಯಿ ನಗುವುದೋ ಅಳುವುದೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಏನಂತಾರೆ?"

"ಈ ಮಗು ಯಾಕೆ ಅಂಗಡಿ ಹೆಂಗಸಿನ ಹಾಗೆ ಮಾತಾಡುತ್ತೆ ಅಂತಿದ್ದಾಳೆ."

ನನಗೆ ಭೂಮಿಗಿಳಿದುಹೋದ ಹಾಗಾಯಿತು. ಎರಡು ವರ್ಷ ನಾನು ಕಷ್ಟಪಟ್ಟು ಕಲಿಸಿದ್ದು ಎನ್ಕೋರೆಯಲ್ಲ, ಹಾಸನದ ರಾಗದ ಯಾವುದೋ ಒಂದು ಕಲಬೆರಕೆ. ನಾಳೆಯಿಂದ ನನಗಿದು ಬೇಡ, ನಿಮ್ಮ ಮಗುವಿನ ಬಾಯಿ ಕೆಡಿಸಿದ್ದು ಸಾಕು ಎಂದೆ. ಕೋಪ ಅವಳ ಮೇಲಲ್ಲ, ಆದರೂ ಅವಳ ಮೇಲೇ ಹಾರಾಡಿದೆ.

ಅವಳು ಟೇಪು ನಿಲ್ಲಿಸಿದಳು. "ಕೆಟ್ಟಿದ್ರೆ ನಮ್ಮಮ್ಮ ತಿದ್ಕೋತಾಳೆ," ಅಂದಳು. "ಇಲ್ದೇ ಇದ್ದಿದ್ರೆ ಏನು ತಿದ್ತಿದ್ಲು? ನಮ್ಮಮ್ಮ ನಕ್ಕಿದ್ದು ಕೇಳಿಸ್ತಲ್ಲ ನಿಮಗೆ? ಅಣ್ಣ ಹೋದ ಮೇಲೆ ಅವಳು ನಕ್ಕಿದ್ದೇ ಇಲ್ಲವಂತೆ."

ಅವಳ ಅಣ್ಣನ ವಿಷಯ ನನಗೆ ಗೊತ್ತಾದದ್ದು ಅವತ್ತೇ. ಯುದ್ಧದ ನಡುವೆ ಒಂದು ಬೆಳಿಗ್ಗೆ ಪೇಟೆಗೆಂದು ಹೊರಟವನು ವಾಪಸು ಬರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಇಲ್ಲ. ಸಂಜೆ ಹಾಲು ಕರೆದ ಮೇಲೆ ಅವನ ಪಾಲಿನದನ್ನು ತಾಯಿ ಇವತ್ತಿಗೂ ಎತ್ತಿಡುತ್ತಾಳೆ ಎಂದಳು. ನಾನು ಮತ್ತೆ ಪಾಠ ಬಿಡುವ ಮಾತೆತ್ತಲಿಲ್ಲ.

ಎಂಬತ್ತಾರರಲ್ಲಿ ಅಲ್ಲಿ ಯುದ್ಧ ಮುಗಿಯಿತು. ಮಾರನೇ ದಿನವೇ ಹೊರಡುತ್ತೇನೆ ಎಂದಿದ್ದವಳು ಬೇಸಿಗೆಗೆ ಹೊರಟಳು. ಆ ತಿಂಗಳುಗಳಲ್ಲಿ ನಾನು ಹುಡುಗಿಗೆ ಅಜ್ಜಿಯ ಜೊತೆ ಆಡಬೇಕಾದ ಮಾತುಗಳನ್ನೆಲ್ಲ ಮತ್ತೆ ಮತ್ತೆ ಹೇಳಿಸಿದೆ. ಹೊರಡುವಾಗಿನ ಮಾತನ್ನು ಮಾತ್ರ ತಿದ್ದಲು ಕೊನೆಗೂ ಆಗಲಿಲ್ಲ. ಅಜ್ಜಿ ನಂಬಿಕೊಂಡು ಬೇಲಿಯ ಹತ್ತಿರ ನಿಂತುಬಿಟ್ಟರೆ ಎಂಬ ಚಿಂತೆ ನನ್ನನ್ನು ಕೊರೆಯುತ್ತಿತ್ತು. ಒಬ್ಬ ಮಗನನ್ನು ಕಾದದ್ದೇ ಸಾಲದೇ ಆ ಮುದುಕಿಗೆ?

ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿನಲ್ಲಿ ಆಗ ವಿಮಾನ ಹತ್ತುವ ಬಾಗಿಲವರೆಗೂ ಹೋಗಿ ಬೀಳ್ಕೊಡಬಹುದಿತ್ತು. ತಾಯಿ ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ವೆಬಾರೆ, ವೆಬಾರೆ ಎಂದಳು. ಮಾಡಿದ ಅಡುಗೆಗೆ, ಕಾಯಿಸಿದ ತುಪ್ಪಕ್ಕೆ, ಬಾಚಿದ ತಲೆಗೆ, ಒಂದೊಂದಕ್ಕೂ ಬೇರೆ ಬೇರೆ. ನಾನು ಅವಳ ಬೆನ್ನು ಸವರಿದೆ. ಆಮೇಲೆ ಹುಡುಗಿ ನನ್ನ ಮುಂದೆ ನಿಂತಳು. ಈಗ ಆರು ವರ್ಷಕ್ಕೆ ಬಿದ್ದಿದ್ದಳು, ಮುಂದಿನ ಎರಡು ಹಲ್ಲು ಬಿದ್ದಿದ್ದವು.

"ನಿಂಜೆಂಡ, ನಿಂಗರುಕ," ಅಂದಳು.

ಎರಡು ವರ್ಷಕ್ಕೂ ಹೆಚ್ಚು ಕಾಲ ದಿನಾ ಸಂಜೆ ನಾನು ಉತ್ತರ ಕೊಟ್ಟ ಮಾತು, ಆದರೆ ಅದೆಲ್ಲ ಮಾರನೇ ಬೆಳಿಗ್ಗೆ ಅವಳು ಬರುತ್ತಾಳೆಂದು ಗೊತ್ತಿದ್ದು ಹೇಳಿದ್ದು. ಇವಳು ಇನ್ನು ಬರುವುದಿಲ್ಲ. ನಮ್ಮಮ್ಮನ ಶಾಸ್ತ್ರವನ್ನು ನಂಬಿ ನಾನು ಈ ಮಗುವಿನ ಬಾಯಲ್ಲಿ ಒಂದು ಸುಳ್ಳು ಕೂರಿಸಿದ್ದೆ. ಜನ ಸಾಲಿನಲ್ಲಿ ಮುಂದೆ ಹೋಗುತ್ತಿದ್ದರು. ಹುಡುಗಿ ಅಲ್ಲಾಡಲಿಲ್ಲ. ನನಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು.

"ಹೋಗಿ ಬಾ," ಅಂದೆ. ಅವಳು ತೃಪ್ತಿಯಿಂದ ತಲೆಯಾಡಿಸಿ ತಾಯಿಯ ಕೈ ಹಿಡಿದು ಹೋದಳು. ನನ್ನ ಮಗಳು ನನ್ನ ಸೀರೆಯ ಸೆರಗಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು.

ಮನೆಯಲ್ಲಿ ಚೀಟಿಗಳು ಹಾಗೆಯೇ ಇದ್ದವು. ಬೆಳಿಗ್ಗೆ ಆರಕ್ಕೆ ಎಚ್ಚರವಾಗಿ ಬಾಗಿಲ ಕಡೆ ಕಿವಿ ಹೋಗುತ್ತಿತ್ತು. ಗಂಡ ಊಟ ಮಾಡಿ "ವೆಬಾರೆ ಕುತೇಕ" ಎಂದರೆ ಒಮ್ಮೊಮ್ಮೆ ಸಿಡುಕುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯುತ್ತಾ ಬಂದಾಗ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಒಂದು ಕ್ಯಾಸೆಟ್ಟು.

ಮಧ್ಯಾಹ್ನ ಮಗಳು ಸ್ಕೂಲಿನಿಂದ ಬರುವವರೆಗೆ ಕಾದು, ಇಬ್ಬರೂ ಅಡುಗೆಮನೆಯ ಮೇಜಿನ ಹತ್ತಿರ ಕೂತು ಹಾಕಿದೆವು. ಮೊದಲು ತಾಯಿಯ ಇಂಗ್ಲಿಷು. ಸಿಸ್ಟರ್, ನಾನು ಹೇಳಿದ ಹಾಗೇ ಆಯಿತು, ಎಂದು ಶುರುಮಾಡಿದ್ದಳು. ಹೋದ ಮೊದಲ ವಾರ ಹುಡುಗಿ ನೆರೆಯ ಮಕ್ಕಳ ಜೊತೆ ಸ್ಕೂಲಿಗೆ ಹೊರಟಾಗ, ಬೇಲಿಯ ಹತ್ತಿರ ತಿರುಗಿ ನಿಂತು, ನಿಂಜೆಂಡ ನಿಂಗರುಕ ಎಂದಳಂತೆ. ಮೊಮ್ಮಗಳು ಈಗ ಬರುತ್ತಾಳೆ ಎಂದು ಅಜ್ಜಿ ಅಲ್ಲೇ ನಿಂತರಂತೆ. ಬಿಸಿಲು ಏರಿತು. ಒಳಗೆ ಬಾ ಎಂದು ಕರೆದರೆ, ಮಗು ಬರ್ತೀನಿ ಅಂದಿದೆ ಎಂದರಂತೆ. ಮಧ್ಯಾಹ್ನವೂ ಬೇಲಿಯ ಹತ್ತಿರವೇ ಕೂತಿದ್ದರಂತೆ.

ಕೇಳುತ್ತಾ ನಾನು ಮೇಜಿನ ಅಂಚು ಬಿಗಿಯಾಗಿ ಹಿಡಿದಿದ್ದೆ. ಇದೇ ಆಗಬಾರದೆಂದಲ್ಲವೇ ನಾನು ಅಷ್ಟು ದಿನ ಒದ್ದಾಡಿದ್ದು.

ಇಳಿಹೊತ್ತಿಗೆ ಹುಡುಗಿ ಸ್ಕೂಲಿನಿಂದ ಬಂದಳಂ‌ತೆ, ಬೇಲಿಯ ಹತ್ತಿರ ಕೂತಿದ್ದ ಅಜ್ಜಿಯನ್ನು ನೋಡಿ, ಬಂದೆ ಎಂದಳಂತೆ. ಅಜ್ಜಿ ಅವಳನ್ನು ಎಳೆದು ಅಪ್ಪಿಕೊಂಡು, ಮಗ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತರಂತೆ. ಅವತ್ತು ಮಗ ನಾಜೆಂಡ ಎಂದಾಗ ಅವರು ಹಾಲು ಕರೆಯುತ್ತಿದ್ದರು, ತಲೆಯೆತ್ತಿ ಒಂದು ಮಾತೂ ಆಡಿರಲಿಲ್ಲ. ಅದನ್ನು ಯಾರಿಗೂ ಹೇಳದೆ ಇಷ್ಟು ವರ್ಷ ಇಟ್ಟುಕೊಂಡಿದ್ದರು. ಅತ್ತು ಮುಗಿದ ಮೇಲೆ ಮೊಮ್ಮಗಳನ್ನು ಕೇಳಿದರಂತೆ, ನೀನು ಹೀಗೆ ಹೇಳಿದರೆ ನಿನ್ನ ಆ ಊರಲ್ಲಿ ಏನು ಉತ್ತರ ಕೊಡುತ್ತಾರೆ? ಹುಡುಗಿ ಹೇಳಿಕೊಟ್ಟಳಂತೆ. ಈಗ ನಮ್ಮ ಮನೆಯಿಂದ ಯಾರೇ ಹೊರಟರೂ ಆ ಮಾತು ಹೇಳದೆ ಅಮ್ಮ ಬೇಲಿ ದಾಟಿಸುವುದಿಲ್ಲ, ಕೇಳಿ, ಎಂದು ತಾಯಿಯ ದನಿ ನಿಂತಿತು.

ಕರಕರ ಸದ್ದು. ಎಲ್ಲೋ ಹಸುವೊಂದು ಕೂಗಿತು. ಓಡುವ ಕಾಲಿನ ಸಪ್ಪಳ, ಆಮೇಲೆ ದೂರದಿಂದ ನಮ್ಮ ಹುಡುಗಿ. ನಿಂಜೆಂಡ, ನಿಂಗರುಕ. ಹಾಸನದ ರಾಗ ಅಷ್ಟರಲ್ಲೇ ಹೋಗಿತ್ತು, ಅಚ್ಚ ಅವರ ಊರಿನ ಹುಡುಗಿಯ ಬಾಯಿ. ನನಗೆ ಚುರುಕ್ಕೆಂದಿತು, ಸಂತೋಷವೂ ಆಯಿತು. ಅದಕ್ಕೆ ಉತ್ತರವಾಗಿ, ಮೈಕಿನ ತೀರಾ ಹತ್ತಿರದಿಂದ, ಮುದಿ ದನಿಯೊಂದು ನಮ್ಮಮ್ಮ ಎಳೆಯುತ್ತಿದ್ದ ಹಾಗೆಯೇ ಎಳೆದು ಹೇಳಿತು.

"ಹೋಗಿ ಬಾ..."

ನಾನು ಟೇಪು ನಿಲ್ಲಿಸಿದೆ. ಮಗಳು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು.

"ಅಮ್ಮಾ, ಡಸ್ ಶೀ ನೋ ಕನ್ನಡ?"

"ಬರತ್ತೆ ಕಣೆ," ಅಂದೆ, ಸೆರಗಿನಿಂದ ಕಣ್ಣೊರೆಸಿಕೊಂಡು. "ಎರಡು ಮಾತು ಬರತ್ತೆ."